ಸೂಜಿ, ದಾರ, ಕುಂಕುಮ: ವಿಜ್ಞಾನ ತರಗತಿಯಲ್ಲಿ ಒಂದು ಕಲಾಕೃತಿ

ಬೋಧನಾಭ್ಯಾಸಕ್ಕೆ ಹೋದ ಶಾಲೆಗಳಲ್ಲಿ 'ಕಸದಿಂದ ರಸ' ಮಾದರಿಗಳನ್ನು ನಾವೆಲ್ಲ ನೋಡಿರುತ್ತೇವೆ. ಬಾಟಲಿ ಹೂದಾನಿಯಾಗುತ್ತದೆ, ಹಳೆಯ ಬಳೆ ಗೋಡೆಯ ಅಲಂಕಾರವಾಗುತ್ತದೆ. ಬಣ್ಣ ಬಳಿದ ಮೇಲೆ ಅದು ಮೊದಲು ಏನಾಗಿತ್ತೆಂದು ಗೊತ್ತಾಗದಿದ್ದರೆ ಹೆಚ್ಚು ಮೆಚ್ಚುಗೆ. ಮನೆಬಳಕೆಯ ವಸ್ತುಗಳಿಂದ ಕೃತಿ ರಚಿಸುವ ಅನೇಕ ಸಮಕಾಲೀನ ಕಲಾವಿದರು ಇದಕ್ಕೆ ತದ್ವಿರುದ್ಧ ದಾರಿ ಹಿಡಿದಿದ್ದಾರೆ. ಅವರ ಕೃತಿಯಲ್ಲಿ ವಸ್ತು ತನ್ನ ಗುರುತು ಬಿಟ್ಟುಕೊಡುವುದಿಲ್ಲ. ಬಿಹಾರದಲ್ಲಿ ಹುಟ್ಟಿದ ಸುಬೋಧ್ ಗುಪ್ತ ಅವರು 2006ರಲ್ಲಿ ರಚಿಸಿದ 'ವೆರಿ ಹಂಗ್ರಿ ಗಾಡ್' ಸ್ಟೀಲ್ ಪಾತ್ರೆಗಳನ್ನು ಜೋಡಿಸಿದ ದೈತ್ಯ ತಲೆಬುರುಡೆ. ದೂರದಿಂದ ಬುರುಡೆ; ಹತ್ತಿರ ಹೋದರೆ ನಮ್ಮ ಅಡುಗೆಮನೆಯ ಪಾತ್ರೆಗಳೇ. ಹಸಿವಿನ ಮಾತನ್ನು ಅಲ್ಲಿ ಯಾರೂ ವಿವರಿಸಬೇಕಿಲ್ಲ.

ತರಗತಿಗೆ ನಾನು ಆರಿಸಿಕೊಂಡದ್ದು ಶೀಲಾ ಗೌಡ ಅವರ ಕೃತಿ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಅವರು ಬೆಂಗಳೂರು, ಶಾಂತಿನಿಕೇತನ, ಲಂಡನ್ನುಗಳಲ್ಲಿ ಚಿತ್ರಕಲೆ ಕಲಿತವರು. 1990ರ ದಶಕದಲ್ಲಿ ಕ್ಯಾನ್ವಾಸ್ ಬಿಟ್ಟು ಸಗಣಿಯನ್ನೇ ಮಾಧ್ಯಮ ಮಾಡಿಕೊಂಡರು. ಆಮೇಲೆ ಬಂದದ್ದು 1998ರ ಕೃತಿ. 'ನನ್ನ ನೋವನ್ನು ಅವನಿಗೆ ಹೇಳು' ಎಂಬರ್ಥದ ಇಂಗ್ಲಿಷ್ ಹೆಸರು ಅದಕ್ಕೆ. ಅದನ್ನು ಮಾಡಿದ ಬಗೆಯೇ ಒಂದು ಪಾಠ. ಹೊಲಿಗೆಯ ಸೂಜಿಗೆ ನೂರಾರು ಅಡಿ ಉದ್ದದ ದಾರ ಪೋಣಿಸಿ, ಸೂಜಿ ದಾರದ ನಡುವಿಗೆ ಬರುವ ತನಕ ಎಳೆಯುತ್ತಾ ಹೋಗಬೇಕು. ಹಾಗೆ ಒಂದಲ್ಲ, ಹಲವು ಹತ್ತು ಸೂಜಿಗಳು. ಅಷ್ಟೂ ಎಳೆಗಳನ್ನು ಒಟ್ಟುಮಾಡಿ, ಅಂಟು ಮತ್ತು ಕುಂಕುಮ ಬಳಿದು ಹಗ್ಗವಾಗಿಸಿದ್ದಾರೆ. ಕೆಂಪು ಹಗ್ಗ ಗೋಡೆಯಿಂದ ಇಳಿದು ನೆಲದಲ್ಲಿ ಸುತ್ತಿಕೊಳ್ಳುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ಹೆಂಗಸರ ಕಾಣದ ದುಡಿಮೆ ಎಂದು ಇದನ್ನು ಅರ್ಥೈಸುವುದುಂಟು. ನನಗಂತೂ ಆ ಸೂಜಿಗಳನ್ನು ಕತ್ತರಿಸಿ ತೆಗೆಯದೆ ಹಾಗೇ ಬಿಟ್ಟದ್ದು ಮುಖ್ಯವೆನಿಸುತ್ತದೆ. ಕೆಲಸ ಮುಗಿದರೂ ಉಪಕರಣ ಕಣ್ಣೆದುರೇ ಇದೆ.

ಚಿತ್ರಕಲಾ ಶಿಕ್ಷಕರ ಈ ವಿಷಯ ವಿಜ್ಞಾನಕ್ಕೇಕೆ ಎಂಬ ಪ್ರಶ್ನೆ ಪಾಠಯೋಜನೆಯ ಚರ್ಚೆಯಲ್ಲಿ ಬಂತು. ನ್ಯಾಯವಾದ ಪ್ರಶ್ನೆಯೇ. ಉತ್ತರ ಕುಂಕುಮದಲ್ಲಿದೆ. ಸಾಂಪ್ರದಾಯಿಕ ಕುಂಕುಮ ಮಾಡುವುದು ಅರಿಶಿನಕ್ಕೆ ಸುಣ್ಣದಂಥ ಪ್ರತ್ಯಾಮ್ಲ ಸೇರಿಸಿ. ಏಳನೆಯ ತರಗತಿಯ ಮಕ್ಕಳು ಅರಿಶಿನದ ಕಾಗದಕ್ಕೆ ಸುಣ್ಣದ ತಿಳಿನೀರು ಹಾಕಿ ಕೆಂಪಾಗುವುದನ್ನೂ, ನಿಂಬೆರಸ ಬಿಟ್ಟಾಗ ಮತ್ತೆ ಹಳದಿಯಾಗುವುದನ್ನೂ ನೋಡಿದರು. ಕೃತಿಯ ಚಿತ್ರ ತೋರಿಸಿದ್ದು ಆಮೇಲೆ. ಈ ಕ್ರಮ ಮುಖ್ಯ: ಮೊದಲು ವಸ್ತು, ನಂತರ ಕಲೆ. ಚಿತ್ರವನ್ನೇ ಮೊದಲು ತೋರಿಸಿದರೆ ಮಕ್ಕಳು "ಚೆನ್ನಾಗಿದೆ ಮಿಸ್" ಎಂದು ಸುಮ್ಮನಾಗುತ್ತಾರೆ.

ಬಳಿಕ ಮೂರು ಅಂಕಣಗಳ ಪಟ್ಟಿ ಕೊಟ್ಟೆ: ವಸ್ತು, ಅದರ ಕೆಲಸ, ಆ ಕೆಲಸ ಮಾಡುವವರು. ಮೂರನೆಯ ಅಂಕಣವನ್ನು ಖಾಲಿ ಬಿಟ್ಟಿದ್ದ ಒಬ್ಬಳನ್ನು ಕೇಳಿದರೆ, "ನಮ್ಮಮ್ಮ ಕೆಲ್ಸಕ್ಕೆ ಹೋಗಲ್ಲ ಮಿಸ್, ಮನೇಲೇ ಇರ್ತಾರೆ" ಎಂದಳು. ಮೊದಲ ಅಂಕಣದಲ್ಲಿ ಸೂಜಿ ಎಂದು ಬರೆದಿದ್ದಳು. ಸೂಜಿ ಯಾಕೆ ಎಂದೆ. ಸೀರೆಗೆ ಕುಚ್ಚು ಕಟ್ಟಲು. ಒಂದು ಸೀರೆಗೆ ಎಷ್ಟು ಹೊತ್ತು?

"ಸೀರಿಯಲ್ ಶುರುವಾದಾಗ ಕೂತ್ರೆ ನಾವ್ ಮಲಗೋ ತನಕ. ಮತ್ತೆ ಬೆಳಿಗ್ಗೆ."

ಹೇಳುತ್ತಲೇ ಪೆನ್ಸಿಲ್ ತೆಗೆದುಕೊಂಡು 'ಅಮ್ಮ' ಎಂದು ಬರೆದಳು. ಪಕ್ಕದ ಹುಡುಗ ಕುಕ್ಕರಿನ ಎದುರಿಗಿದ್ದ ಗೆರೆಯನ್ನು ಅಳಿಸತೊಡಗಿದ. ಅಷ್ಟರಲ್ಲಿ ಗಂಟೆ ಬಾರಿಸಿತು. ಕುಕ್ಕರಿನ ಒತ್ತಡದ ಮಾತು ಮುಂದಿನ ಅವಧಿಗೆ ಹೋಯಿತು.

ಇದನ್ನು ಪ್ರಯತ್ನಿಸುವ ಸಹಪಾಠಿಗಳಿಗೆ ಒಂದು ಮಾತು. ಮನೆಯಿಂದ ಪಾತ್ರೆ, ಸಾಮಾನು ತರಲು ಹೇಳಬೇಡಿ. ಯಾರ ಮನೆಯಲ್ಲಿ ಹೊಳೆಯುವ ಸ್ಟೀಲು, ಯಾರ ಮನೆಯಲ್ಲಿ ಸೊಟ್ಟಗಾದ ಅಲ್ಯುಮಿನಿಯಂ ಎಂಬುದು ಬೆಂಚಿನ ಮೇಲೆ ಬಯಲಾಗುತ್ತದೆ; ಮಕ್ಕಳ ಗಮನವೂ ಅತ್ತಲೇ ಹೋಗುತ್ತದೆ. ಬಿಸಿಯೂಟದ ತಟ್ಟೆ, ತರಗತಿಯ ಪೊರಕೆ, ನೀರಿನ ಬಿಂದಿಗೆ ಸಾಕು. ಪೊರಕೆಯ ಎದುರಿನ ಮೂರನೆಯ ಅಂಕಣದಲ್ಲಿ ಏನು ಬರೆಯುತ್ತಾರೆ ನೋಡಿ, ಅದರಲ್ಲಿ ಹುಡುಗರ ಹೆಸರು ಎಷ್ಟಿದೆ ಎಂದು ಅವರಿಂದಲೇ ಎಣಿಸಿ.