ಕರ್ನಾಟಕದಲ್ಲಿ ವಿಕಲಚೇತನರಿಗೆ ಸರ್ಕಾರಿ ನೆರವು

ಕರ್ನಾಟಕದಲ್ಲಿ ವಿಕಲಚೇತನರಿಗೆ ಸರ್ಕಾರಿ ನೆರವು ಎಂಬುದು ಕೇಂದ್ರ ಹಾಗೂ ರಾಜ್ಯ ಸರ್ಕಾರಗಳು ವಿಕಲಚೇತನರಿಗೆ ನೀಡುವ ಗುರುತಿನ ಚೀಟಿ, ಮಾಸಾಶನ, ಸಾಧನ ಸಲಕರಣೆ, ಆರೋಗ್ಯ ವಿಮೆ, ಮೀಸಲಾತಿ ಮತ್ತು ಪ್ರಯಾಣ ರಿಯಾಯಿತಿಗಳನ್ನು ಒಳಗೊಂಡ ವ್ಯವಸ್ಥೆಯಾಗಿದೆ. ಇದು ಒಂದೇ ಯೋಜನೆಯಲ್ಲ. ಮಾಸಾಶನವು ಕಂದಾಯ ಇಲಾಖೆಯದು, ಪ್ರಮಾಣಪತ್ರವು ಆಸ್ಪತ್ರೆಯದು, ಬಸ್ ಪಾಸು ಸಾರಿಗೆ ಸಂಸ್ಥೆಯದು. ಆದುದರಿಂದ ಅರ್ಹರಾದವರು ಸಹ ಎಲ್ಲಿಂದ ಆರಂಭಿಸಬೇಕೆಂದು ತಿಳಿಯದೆ ಹಿಂದುಳಿಯುವುದುಂಟು. ಬೆಂಗಳೂರಿನ ಜೆ.ಪಿ. ನಗರದ ನಿವಾಸಿಯೊಬ್ಬರು ಅನುಸರಿಸಬೇಕಾದ ದಾರಿಯನ್ನು ಈ ಲೇಖನದಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ.

ಕಾನೂನಿನ ಹಿನ್ನೆಲೆ

1995ರ ಅಂಗವಿಕಲ ವ್ಯಕ್ತಿಗಳ ಅಧಿನಿಯಮವು ಕೇವಲ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. ವಿಕಲಚೇತನರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಯನ್ನು ಭಾರತವು 2007ರಲ್ಲಿ ಅನುಮೋದಿಸಿದ ನಂತರ ಹಳೆಯ ಕಾಯಿದೆಯನ್ನು ಬದಲಿಸುವುದು ಅನಿವಾರ್ಯವಾಯಿತು. ಅದರ ಸ್ಥಾನದಲ್ಲಿ ಬಂದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದರಲ್ಲಿ 21 ವೈಕಲ್ಯಗಳಿವೆ. ಆಟಿಸಂ, ಸ್ನಾಯು ಕ್ಷಯ, ಥಲಸ್ಸೇಮಿಯಾ, ಹಿಮೋಫಿಲಿಯಾ, ಪಾರ್ಕಿನ್ಸನ್ ಕಾಯಿಲೆ, ನಿರ್ದಿಷ್ಟ ಕಲಿಕಾ ನ್ಯೂನತೆ, ಆಸಿಡ್ ದಾಳಿಗೆ ತುತ್ತಾದವರ ವೈಕಲ್ಯ ಮೊದಲಾದವು ಹೊಸದಾಗಿ ಸೇರಿದವು. ಸರ್ಕಾರಿ ಉದ್ಯೋಗದಲ್ಲಿದ್ದ ಶೇ. 3ರ ಮೀಸಲಾತಿಯು ಶೇ. 4ಕ್ಕೆ ಏರಿತು, ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇ. 5ರಷ್ಟು ಸ್ಥಾನಗಳು ಮೀಸಲಾದವು. ಈ ಮೀಸಲಾತಿ ದೊರೆಯಬೇಕಾದರೆ ವೈಕಲ್ಯದ ಪ್ರಮಾಣವು ಕನಿಷ್ಠ ಶೇ. 40 ಇರಬೇಕು.

ಯುಡಿಐಡಿ ಚೀಟಿ

ಎಲ್ಲ ಸೌಲಭ್ಯಗಳಿಗೂ ಹೆಬ್ಬಾಗಿಲು ಯುಡಿಐಡಿ ಎಂದು ಕರೆಯಲಾಗುವ ವಿಶಿಷ್ಟ ಗುರುತಿನ ಚೀಟಿ. ಅರ್ಜಿಯನ್ನು ಕೇಂದ್ರ ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಸಲ್ಲಿಸಿ, ಭಾವಚಿತ್ರ, ಆಧಾರ್ ಹಾಗೂ ವಿಳಾಸದ ದಾಖಲೆಗಳನ್ನು ಸೇರಿಸಬೇಕು. ಜೆ.ಪಿ. ನಗರವು ಬೆಂಗಳೂರು ದಕ್ಷಿಣ ತಾಲ್ಲೂಕಿಗೆ ಸೇರಿದ್ದರೂ ಜಿಲ್ಲೆ ಬೆಂಗಳೂರು ನಗರ. 2025ರಲ್ಲಿ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ ಎಂದು ಹೆಸರಿಟ್ಟ ಮೇಲೆ ಈ ಎರಡು ಹೆಸರುಗಳು ಗೊಂದಲಕ್ಕೆ ಎಡೆಮಾಡಿವೆ. ಜಿಲ್ಲೆಯನ್ನು ತಪ್ಪಾಗಿ ನಮೂದಿಸಿದರೆ ಅರ್ಜಿಯು ಬೇರೊಂದು ಜಿಲ್ಲೆಯ ಆಸ್ಪತ್ರೆಗೆ ಹೋಗುವ ಸಂಭವವಿದೆ.

ಅರ್ಜಿಯ ನಂತರ ವೈದ್ಯಕೀಯ ತಪಾಸಣೆ ನಡೆಯುತ್ತದೆ. ದಕ್ಷಿಣ ಬೆಂಗಳೂರಿನಲ್ಲಿರುವ ಸರ್ಕಾರಿ ಸಂಸ್ಥೆಗಳಲ್ಲಿ ಜಯನಗರದ ಸಾರ್ವಜನಿಕ ಆಸ್ಪತ್ರೆ, ಮೂಳೆ ಚಿಕಿತ್ಸೆಗೆ ಹೆಸರಾದ ಬೈರಸಂದ್ರದ ಸಂಜಯ ಗಾಂಧಿ ಸಂಸ್ಥೆ, ಮಾನಸಿಕ ಹಾಗೂ ನರಸಂಬಂಧಿ ಕಾಯಿಲೆಗಳಿಗೆ ಮೀಸಲಾದ ಹೊಸೂರು ರಸ್ತೆಯ ನಿಮ್ಹಾನ್ಸ್ ಪ್ರಮುಖವಾದವು. ಹಳೆಯ ಚಿಕಿತ್ಸಾ ದಾಖಲೆಗಳನ್ನು ಕಾಲಾನುಕ್ರಮದಲ್ಲಿ ಜೋಡಿಸಿ ಕೊಂಡೊಯ್ಯುವುದರಿಂದ ಮರಳಿ ಮರಳಿ ಓಡಾಡುವುದು ತಪ್ಪುತ್ತದೆ. 2024ರ ತಿದ್ದುಪಡಿ ನಿಯಮಗಳಂತೆ ಶೇ. 40ಕ್ಕಿಂತ ಕಡಿಮೆ ವೈಕಲ್ಯವುಳ್ಳವರಿಗೆ ಬಿಳಿ, ಶೇ. 40ರಿಂದ 80ರೊಳಗಿನವರಿಗೆ ಹಳದಿ, ಶೇ. 80 ಮತ್ತು ಅದಕ್ಕೆ ಮೇಲ್ಪಟ್ಟವರಿಗೆ ನೀಲಿ ಬಣ್ಣದ ಚೀಟಿ ದೊರೆಯುತ್ತದೆ. ಈ ಪ್ರಮಾಣಪತ್ರಕ್ಕೆ ದೇಶದಾದ್ಯಂತ ಮಾನ್ಯತೆಯಿದೆ.

ಶೇಕಡಾವಾರು ಲೆಕ್ಕ

ಹೆಚ್ಚಿನ ಅಸಮಾಧಾನಕ್ಕೆ ಕಾರಣವಾಗುವುದು ಈ ಅಂಕಿಯೇ. ಒಬ್ಬರಿಗೆ ಎರಡು ಬಗೆಯ ವೈಕಲ್ಯಗಳಿದ್ದರೆ ಅವುಗಳನ್ನು ನೇರವಾಗಿ ಕೂಡಿಸುವುದಿಲ್ಲ. ಹೆಚ್ಚಿನ ಅಂಕಿಯನ್ನು 90ರಿಂದ ಕಳೆದು, ಉಳಿದುದನ್ನು ಕಡಿಮೆ ಅಂಕಿಯಿಂದ ಗುಣಿಸಿ, 90ರಿಂದ ಭಾಗಿಸಿ, ಬಂದ ಫಲವನ್ನು ಹೆಚ್ಚಿನ ಅಂಕಿಗೆ ಸೇರಿಸಲಾಗುತ್ತದೆ. ಕಾಲಿನ ವೈಕಲ್ಯ ಶೇ. 60, ಶ್ರವಣದೋಷ ಶೇ. 30 ಇರುವವರ ಒಟ್ಟು ವೈಕಲ್ಯವು 90 ಆಗದೆ 70 ಆಗುತ್ತದೆ: 90ರಲ್ಲಿ 60 ಕಳೆದರೆ 30; ಅದನ್ನು 30ರಿಂದ ಗುಣಿಸಿದರೆ 900; 90ರಿಂದ ಭಾಗಿಸಿದರೆ 10. ಈ ವ್ಯತ್ಯಾಸವು ಕಾಗದದ ಮೇಲಿನದಷ್ಟೇ ಅಲ್ಲ. ಮುಂದೆ ಹೇಳಿರುವಂತೆ, ರಾಜ್ಯದ ಮಾಸಾಶನದ ಮೊತ್ತವು ಶೇ. 75ರ ಗೆರೆಯ ಆಚೆಗೊಂದು, ಈಚೆಗೊಂದು.

ತೀರ್ಮಾನವು ಒಪ್ಪಿಗೆಯಾಗದಿದ್ದಲ್ಲಿ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ. ಪ್ರಮಾಣಪತ್ರವನ್ನು ನಿರಾಕರಿಸಿದರೆ ಅದರ ಕಾರಣಗಳನ್ನು ಬರಹದಲ್ಲಿ ತಿಳಿಸುವುದು ಪ್ರಾಧಿಕಾರದ ಕರ್ತವ್ಯ. ‘ಆಗುವುದಿಲ್ಲ’ ಎಂಬ ಬಾಯಿಮಾತಿನ ಉತ್ತರವು ನಿರಾಕರಣೆಯ ಆದೇಶವಾಗಲಾರದು.

ಮಾಸಾಶನ

ರಾಜ್ಯದ ಮಾಸಾಶನವನ್ನು ಕಂದಾಯ ಇಲಾಖೆಗೆ ಸೇರಿದ ಸಾಮಾಜಿಕ ಭದ್ರತೆ ಮತ್ತು ಪಿಂಚಣಿಗಳ ನಿರ್ದೇಶನಾಲಯವು ನಿರ್ವಹಿಸುತ್ತದೆ. ಶೇ. 40ರಿಂದ 75ರವರೆಗಿನ ವೈಕಲ್ಯವುಳ್ಳವರಿಗೆ ತಿಂಗಳಿಗೆ ದೊರೆಯುತ್ತಿದ್ದ 600 ರೂಪಾಯಿಯನ್ನು 800ಕ್ಕೆ ಏರಿಸುವ ಘೋಷಣೆ 2021ರ ಜುಲೈನಲ್ಲಿ ಹೊರಬಿತ್ತು. ಶೇ. 75ಕ್ಕಿಂತ ಹೆಚ್ಚಿನ ವೈಕಲ್ಯಕ್ಕೆ ಆಗ 1,400 ರೂಪಾಯಿ ಇತ್ತು. ಮೇಲಿನ ಉದಾಹರಣೆಯ ವ್ಯಕ್ತಿಗೆ, ಅಂಕಿಯು 90 ಎಂದು ನಂಬಿದ್ದರೂ, ಸಿಗುವುದು 800 ರೂಪಾಯಿ. ಕೇಂದ್ರವು 2009ರಲ್ಲಿ ಆರಂಭಿಸಿದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯು ಬಡತನ ರೇಖೆಗಿಂತ ಕೆಳಗಿರುವ, ಶೇ. 80ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳ ವಯಸ್ಕರಿಗೆ ಮೀಸಲು. ಅದರಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ ಮಾತ್ರ.

ಅರ್ಜಿಯನ್ನು ನಾಡಕಚೇರಿಯಲ್ಲಿ ಆಧಾರ್, ಆದಾಯ ಪ್ರಮಾಣಪತ್ರ, ವೈಕಲ್ಯದ ಪ್ರಮಾಣಪತ್ರ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಯೊಂದಿಗೆ ಸಲ್ಲಿಸಬೇಕು. ಹಣವು ನೇರವಾಗಿ ಖಾತೆಗೆ ಜಮೆಯಾಗುವುದರಿಂದ ಆಧಾರಿನಲ್ಲಿರುವ ಹೆಸರಿಗೂ ಖಾತೆಯಲ್ಲಿರುವ ಹೆಸರಿಗೂ ಹೊಂದಾಣಿಕೆ ಇರಬೇಕು. ತಂದೆಯ ಹೆಸರಿನ ಮೊದಲಕ್ಷರ ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಬಂದಿದ್ದರೂ ತೊಡಕಾಗಬಹುದು.

ಆದಾಯ ಮಿತಿ ಮೀರಿದವರಿಗೆ

ಮಾಸಾಶನಕ್ಕೆ ಆದಾಯದ ಮಿತಿಯಿರುವುದರಿಂದ ಜೆ.ಪಿ. ನಗರದಂತಹ ಬಡಾವಣೆಯ ಮಧ್ಯಮ ವರ್ಗದ ಅನೇಕ ಕುಟುಂಬಗಳು ಅದಕ್ಕೆ ಅರ್ಹವಾಗುವುದಿಲ್ಲ. ಇದರಿಂದ ಗುರುತಿನ ಚೀಟಿಯೇ ಬೇಡವೆಂದು ಭಾವಿಸುವುದು ತಪ್ಪು. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಸ್ವತಃ ವಿಕಲಚೇತನರಾದವರಿಗೂ, ಅವರನ್ನು ಪೋಷಿಸುವವರಿಗೂ 75,000 ರೂಪಾಯಿಯ ಕಡಿತವಿದ್ದು, ತೀವ್ರ ವೈಕಲ್ಯವಿದ್ದಲ್ಲಿ ಅದು 1,25,000 ರೂಪಾಯಿ. ಪರೀಕ್ಷೆಗಳಲ್ಲಿ ಲಿಪಿಕಾರರ ನೆರವು ಮತ್ತು ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಕಾಲಾವಕಾಶಕ್ಕೂ ಆದಾಯದ ಪ್ರಶ್ನೆಯಿಲ್ಲ. ಜೆ.ಪಿ. ನಗರದ 3ನೇ ಹಂತದಲ್ಲಿರುವ ರಮಣ ಮಹರ್ಷಿ ಅಂಧರ ಅಕಾಡೆಮಿಯಂತಹ ಶಾಲೆಗಳ ವಿದ್ಯಾರ್ಥಿಗಳಿಗೆ ಇಂತಹ ಸೌಲಭ್ಯ ಬಹು ಮುಖ್ಯವಾದುದು. ಗಾಲಿಕುರ್ಚಿ, ಶ್ರವಣಸಾಧನ ಮೊದಲಾದವುಗಳನ್ನು ನೀಡುವ ಕೇಂದ್ರದ ಅಡಿಪ್ ಯೋಜನೆಯಲ್ಲಿ ಮಾತ್ರ ಆದಾಯಕ್ಕೆ ಅನುಗುಣವಾಗಿ ಪೂರ್ಣ ಅಥವಾ ಅರ್ಧ ವೆಚ್ಚ ದೊರೆಯುತ್ತದೆ.

ಪೋಷಕರ ನಂತರ

ಬೌದ್ಧಿಕ ವೈಕಲ್ಯವುಳ್ಳ ಮಕ್ಕಳ ತಂದೆತಾಯಿಗಳನ್ನು ಕಾಡುವ ದೊಡ್ಡ ಪ್ರಶ್ನೆ ತಮ್ಮ ನಂತರ ಯಾರು ಎಂಬುದು. 1999ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಆಟಿಸಂ, ಮೆದುಳಿನ ಪಾರ್ಶ್ವವಾಯು, ಬೌದ್ಧಿಕ ವೈಕಲ್ಯ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ ಸಂಬಂಧಿಸಿದೆ. ಇದರ ನಿರಾಮಯ ಯೋಜನೆಯು 1 ಲಕ್ಷ ರೂಪಾಯಿವರೆಗಿನ ಆರೋಗ್ಯ ವಿಮೆಯನ್ನು ಒದಗಿಸುತ್ತದೆ. ಮಗುವಿಗೆ 18 ವರ್ಷ ತುಂಬಿದ ಮೇಲೆ, ಹೆತ್ತವರೇ ಆದರೂ, ಅದರ ಪರವಾಗಿ ಬ್ಯಾಂಕಿನ ಅಥವಾ ಆಸ್ತಿಯ ವ್ಯವಹಾರ ನಡೆಸಲು ಕಾನೂನಿನ ಅಧಿಕಾರ ತಾನಾಗಿ ಉಳಿಯುವುದಿಲ್ಲ. ಆಗ ಜಿಲ್ಲಾಧಿಕಾರಿಗಳನ್ನೊಳಗೊಂಡ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ ಪಾಲಕರಾಗಿ ನೇಮಕಗೊಳ್ಳಬೇಕು. ನೇಮಕಗೊಂಡ ಪಾಲಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನೂ, ಪ್ರತಿ ಆರ್ಥಿಕ ವರ್ಷದ ಕೊನೆಯಲ್ಲಿ ಲೆಕ್ಕಪತ್ರವನ್ನೂ ಒಪ್ಪಿಸಬೇಕಾಗುತ್ತದೆ.