ಟೊಂಗೆಯಿಂದ ಟೊಂಗೆಗೆ

ಹಕ್ಕಿಯ ಗುರುತು ಹಿಡಿಯುವ ಮೊದಲು ಅದು ಕೂತ ಮರವನ್ನು ನೋಡು ಅನ್ನುತ್ತಾರೆ. ಜಾಝ್ ವಾದಕ ಎರಿಕ್ ಡಾಲ್ಫಿಯ ‘ಔಟ್ ಟು ಲಂಚ್’ ಆಲ್ಬಮ್ ಕೇಳಲು ಕೂತಾಗಲೂ ನಾನು ಮರದಿಂದಲೇ ಶುರುಮಾಡಿದೆ. ನ್ಯೂಜೆರ್ಸಿಯ ಇಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಧ್ವನಿಮುದ್ರಣಕಾರ ರೂಡಿ ವ್ಯಾನ್ ಗೆಲ್ಡರ್‌ನ ಸ್ಟುಡಿಯೊ, ಎತ್ತರದ ಮರದ ಚಾವಣಿ, ಬಾಗಿ ಮೇಲೇರುವ ತೊಲೆಗಳು. ಧ್ವನಿಮುದ್ರಣದ ದಿನ 1964ರ ಫೆಬ್ರುವರಿ 25, ಅಲ್ಲಿ ಚಳಿಗಾಲ. ಆ ಚಾವಣಿಯ ಕೆಳಗೆ ಐದು ಜನ: ಡಾಲ್ಫಿ, ಟ್ರಂಪೆಟ್‌ನ ಫ್ರೆಡಿ ಹಬರ್ಡ್, ವೈಬ್ರಾಫೋನ್‌ನ ಬಾಬಿ ಹಚರ್ಸನ್, ಬಾಸ್‌ನ ರಿಚರ್ಡ್ ಡೇವಿಸ್, ಡ್ರಮ್ಸ್‌ನಲ್ಲಿ ಹದಿನೆಂಟರ ಹುಡುಗ ಟೋನಿ ವಿಲಿಯಮ್ಸ್.

ಹಕ್ಕಿ ಕೇಳುವಾಗಿನ ನೇಮವೇ ಇಲ್ಲೂ: ಒಂದು ಬೆಳಗಿಗೆ ಒಂದೇ ದನಿ. ಎಲ್ಲವನ್ನೂ ಒಟ್ಟಿಗೆ ಹಿಡಿಯಹೊರಟರೆ ಒಂದೂ ಕಿವಿಗೆ ದಕ್ಕುವುದಿಲ್ಲ.

ಮೊದಲ ಬೆಳಗು ಹಚರ್ಸನ್‌ಗೆ. ಈ ತಂಡದಲ್ಲಿ ಪಿಯಾನೊ ಇಲ್ಲ. ಇದ್ದಿದ್ದರೆ ಅದರ ಸ್ವರದ ಗೊಂಚಲುಗಳು ಮಳೆಗಾಲದ ಪೊದೆಯಂತೆ ನಡುವಿನ ಜಾಗವನ್ನೆಲ್ಲ ತುಂಬುತ್ತಿದ್ದವು. ಹಚರ್ಸನ್ ಲೋಹದ ಪಟ್ಟಿಗಳ ಮೇಲೆ ಒಂದೆರಡು ಪೆಟ್ಟು ಹಾಕಿ ಕೈ ಎತ್ತುತ್ತಾನೆ. ನಾದ ಅಗಲವಾಗಿ ಹರಡಿ, ತೆಳುವಾಗಿ, ಕರಗುತ್ತದೆ. ಎಲೆ ಉದುರಿದ ಕಾಡಿನಲ್ಲಿ ದೂರದ ಹಕ್ಕಿಯೂ ಕಾಣುವ ಹಾಗೆ ಉಳಿದ ನಾಲ್ವರು ಬಿಡಿಬಿಡಿಯಾಗಿ ಕೇಳಿಸುತ್ತಾರೆ. ಈ ಆಲ್ಬಮ್‌ನ ಜೀವ ಇರುವುದು ಹೀಗೆ ಬಿಟ್ಟುಕೊಟ್ಟ ಜಾಗದಲ್ಲಿ ಎಂದು ನನಗೆ ಅವತ್ತೇ ಅನ್ನಿಸಿತು.

ಎರಡನೆಯ ಬೆಳಗು ಲೆಕ್ಕಕ್ಕೆ ಹೋಯಿತು. ಜಾಝ್ ಪಿಯಾನೊ ವಾದಕ ಥೆಲೋನಿಯಸ್ ಮಂಕ್‌ನನ್ನು ನೆನೆದು ಮಾಡಿದ ‘ಹ್ಯಾಟ್ ಅಂಡ್ ಬಿಯರ್ಡ್’ ಹಾಕಿ ಬೆರಳು ಮಡಚುತ್ತ ಕೂತೆ. ಐದು, ಮತ್ತೆ ನಾಲ್ಕು. ಒಂಬತ್ತು! ಮೃದಂಗದವರ ಮಾತಿನಲ್ಲಿ ಸಂಕೀರ್ಣ. ಟೋನಿ ವಿಲಿಯಮ್ಸ್ ಮರಕುಟಿಗನಂತೆ: ಕುಟ್ಟುತ್ತಾನೆ, ನಿಲ್ಲಿಸಿ ಆಲಿಸುತ್ತಾನೆ, ಇನ್ನೊಂದು ಕಡೆ ಕುಟ್ಟುತ್ತಾನೆ.

ಆಮೇಲಿನ ಬೆಳಗುಗಳೆಲ್ಲ ಡಾಲ್ಫಿಯವು. ಇವನ ಸ್ವರ ಮೆಟ್ಟಿಲು ಹತ್ತುವುದಿಲ್ಲ, ಟೊಂಗೆಯಿಂದ ಟೊಂಗೆಗೆ ಹಾರುತ್ತದೆ. ಮಂದ್ರದ ತಳದಲ್ಲಿದ್ದವನು ಮರುಕ್ಷಣ ತಾರದ ತುದಿಯಲ್ಲಿ, ನಡುವೆ ಏನೂ ಇಲ್ಲ. ಇದು ಎಲ್ಲಿಂದ ಬಂತೆಂಬುದಕ್ಕೆ ಒಂದು ಸುಳಿವನ್ನು ಅವನೇ ಕೊಟ್ಟಿದ್ದಾನೆ. 1962ರಲ್ಲಿ ‘ಡೌನ್‌ಬೀಟ್’ ಪತ್ರಿಕೆಯೊಡನೆ ಮಾತಾಡುತ್ತ, ಕ್ಯಾಲಿಫೋರ್ನಿಯದ ಮನೆಯಲ್ಲಿ ಅಭ್ಯಾಸ ಮಾಡುವಾಗ ಹಕ್ಕಿಗಳು ದನಿಗೂಡಿಸುತ್ತಿದ್ದವು, ಆಗ ಮಾಡುತ್ತಿದ್ದ ಕೆಲಸ ಬಿಟ್ಟು ಅವುಗಳ ಜೊತೆ ನುಡಿಸುತ್ತಿದ್ದೆ ಎಂದ. ಅವು ಹಾಡುವುದು ನಮ್ಮ ಎರಡು ಸ್ವರಗಳ ನಡುವಿನ ಜಾಗದಲ್ಲಿ ಎಂದೂ ಹೇಳಿ, ಭಾರತೀಯ ಸಂಗೀತದಲ್ಲೂ ಆ ಗುಣವಿದೆ ಎಂದು ಸೇರಿಸಿದ. ಗಮಕ ಕೇಳಿ ಬೆಳೆದ ಕಿವಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಕ್ಕಿ ಎಂದರೆ ಕೊಳಲು ಎಂದುಕೊಂಡು ‘ಗಾಜೆಲೋನಿ’ಗೆ ಕಾದಿದ್ದೆ. ಇಟಲಿಯ ಕೊಳಲುವಾದಕ ಸೆವೆರಿನೊ ಗಾಜೆಲೋನಿಯ ಹೆಸರಿನದು. ಚೆನ್ನಾಗಿದೆ. ಆದರೆ ನನ್ನನ್ನು ಹಿಡಿದು ಕೂರಿಸಿದ್ದು ‘ಸಮ್‌ಥಿಂಗ್ ಸ್ವೀಟ್, ಸಮ್‌ಥಿಂಗ್ ಟೆಂಡರ್’ನ ಬಾಸ್ ಕ್ಲಾರಿನೆಟ್. ಉದ್ದನೆಯ ಕರಿಮರದ ಕೊಳವೆ, ಒಂದು ಸೀಳು ದಬ್ಬೆ. ಒಂದೆಡೆ ಡೇವಿಸ್ ಬಾಸ್ ತಂತಿಗಳ ಮೇಲೆ ಕಮಾನು ಎಳೆಯುತ್ತಾನೆ, ಡಾಲ್ಫಿ ಅದೇ ಸ್ವರಗಳನ್ನು ಉಸಿರಿನಲ್ಲಿ ಹಿಡಿಯುತ್ತಾನೆ. ಎರಡೂ ಒಂದೇ ದಾರಿಯಲ್ಲಿ ನಡೆಯುತ್ತವೆ, ಅಂಚುಗಳು ಮಾತ್ರ ಪೂರ್ತಿ ಕೂಡುವುದಿಲ್ಲ. ಆ ಕೂದಲೆಳೆಯ ಅಂತರದಲ್ಲಿ ಒಂದು ನಡುಕವಿದೆ. ಹನ್ನೆರಡು ಸಲ ಕೇಳಿದೆ, ಪ್ರತಿ ಸಲವೂ ಬೆನ್ನು ನೆಟ್ಟಗಾಯಿತು.

ಹೊದಿಕೆಯ ಮೇಲೆ ಅಂಗಡಿ ಕಿಟಕಿಯ ಫಲಕವೊಂದರ ಚಿತ್ರ: ಮರಳಿ ಬರುವ ಹೊತ್ತು ತೋರಿಸುವ ಗಡಿಯಾರ, ಅದಕ್ಕೆ ಏಳು ಮುಳ್ಳು. ಆಲ್ಬಮ್ ಮಾರಾಟಕ್ಕೆ ಬರುವ ಮೊದಲೇ, 1964ರ ಜೂನ್ 29ರಂದು, ಡಾಲ್ಫಿ ಬರ್ಲಿನ್‌ನಲ್ಲಿ ತೀರಿಕೊಂಡ. ಮಧುಮೇಹ. ಮೂವತ್ತಾರು ತುಂಬಿ ಒಂಬತ್ತೇ ದಿನ.

ನಾಳೆ ಡೇವಿಸ್ ಒಬ್ಬನನ್ನೇ ಹಿಂಬಾಲಿಸಬೇಕು. ಎಲ್ಲರ ಕೆಳಗೆ, ನೆಲದ ಹತ್ತಿರ ಓಡಾಡುವ ಅವನನ್ನು ಇಷ್ಟು ದಿನ ಸರಿಯಾಗಿ ಗಮನಿಸಿಲ್ಲ.