ವಕೀಲರೇ ವಾಯಿದೆ ತಪ್ಪಿಸಿದಾಗ



ವೈದ್ಯರ ನಿರ್ಲಕ್ಷ್ಯದಿಂದ ಹಾನಿಯಾದರೆ ವಕೀಲರ ಬಳಿಗೆ ಹೋಗುತ್ತೇವೆ. ಆ ವಕೀಲರೇ ನಿರ್ಲಕ್ಷ್ಯ ತೋರಿದರೆ ಯಾರ ಬಳಿಗೆ ಹೋಗುವುದು? ಈ ಪ್ರಶ್ನೆಗೆ ಉತ್ತರವಿದೆ. ಆದರೆ ಅದು ಒಂದೇ ಕಡೆ ಸಿಗುವುದಿಲ್ಲ. ಅಲ್ಲಿಯೇ ತೊಂದರೆ.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ಶಿರಾ ತಾಲ್ಲೂಕಿನ ಒಂದು ಹಳ್ಳಿಯ ತಾಯಿ. ಆಕೆಯ ಮಗನಿಗೆ ಪಟ್ಟಣದ ಖಾಸಗಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾಗುತ್ತದೆ. ಗಾಯ ಕೀತರೂ ಯಾರೂ ಸಕಾಲಕ್ಕೆ ನೋಡುವುದಿಲ್ಲ. ಕೊನೆಗೆ ಕಾಲನ್ನೇ ತೆಗೆಯಬೇಕಾಗುತ್ತದೆ. ಮೂರು ತಿಂಗಳೊಳಗೆ ಆ ತಾಯಿ ಕಾಗದಪತ್ರಗಳನ್ನೆಲ್ಲ ಬಟ್ಟೆಯ ಚೀಲದಲ್ಲಿ ತುಂಬಿಕೊಂಡು ವಕೀಲರೊಬ್ಬರನ್ನು ಕಾಣುತ್ತಾಳೆ, ವಕಾಲತ್ತಿಗೆ ಹೆಬ್ಬೆಟ್ಟು ಒತ್ತುತ್ತಾಳೆ, ಫೀಸು ಕೊಡುತ್ತಾಳೆ. ಹೋದಾಗಲೆಲ್ಲ ಒಂದೇ ಮಾತು: "ಕೇಸು ನಡೆಯುತ್ತಿದೆ, ಹೋಗಿ ಬಾರಮ್ಮ." ಎರಡೂವರೆ ವರ್ಷದ ಮೇಲೆ ತಿಳಿಯುತ್ತದೆ, ಕೇಸು ದಾಖಲಾಗಿಯೇ ಇಲ್ಲ.

ಈ ಎರಡೂವರೆ ವರ್ಷದಲ್ಲಿ ಆಕೆ ಏನನ್ನು ಕಳೆದುಕೊಂಡಳು? ಮೊದಲು ಅದನ್ನು ಲೆಕ್ಕ ಹಾಕೋಣ.

ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1995ರ ನವೆಂಬರಿನಲ್ಲಿ ಹೇಳಿತು. ಅಂದಿನಿಂದ ರೋಗಿಗಳು ಗ್ರಾಹಕ ವೇದಿಕೆಗಳಿಗೆ ಹೋಗುತ್ತಿದ್ದಾರೆ. ಅಲ್ಲಿ ದೂರು ಕೊಡಲು ಇರುವ ಅವಧಿ ಎರಡು ವರ್ಷ. 2019ರ ಹೊಸ ಕಾಯಿದೆಯಲ್ಲೂ ಅಷ್ಟೇ. ತಡವಾದುದಕ್ಕೆ ತಕ್ಕ ಕಾರಣ ತೋರಿಸಿದರೆ ಆಯೋಗ ವಿಳಂಬವನ್ನು ಮನ್ನಿಸಬಹುದು. ಸಿವಿಲ್ ನ್ಯಾಯಾಲಯದ ದಾವೆಗೆ ಆ ಸೌಕರ್ಯವೂ ಇಲ್ಲ. 1963ರ ಕಾಲಮಿತಿ ಕಾಯಿದೆಯ ಐದನೆಯ ಸೆಕ್ಷನ್ ಮೇಲ್ಮನವಿ, ಅರ್ಜಿಗಳ ವಿಳಂಬವನ್ನು ಮನ್ನಿಸುತ್ತದೆಯೇ ಹೊರತು ಹೊಸ ದಾವೆಯ ವಿಳಂಬವನ್ನಲ್ಲ.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದಿಲ್ಲ. ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಗಳನ್ನು ಮೂರು ವರ್ಷ ಕಾಪಾಡಬೇಕು. ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಮೂರು ವರ್ಷ ಕಳೆದ ಮೇಲೆ ಆ ಹಾಳೆಗಳು ಉಳಿದಿದ್ದರೆ ಅದು ಅದೃಷ್ಟ. ಯಾವ ದಿನ ಜ್ವರ ಎಷ್ಟಿತ್ತು, ಯಾವ ವೈದ್ಯರು ಎಷ್ಟು ಗಂಟೆಗೆ ಬಂದು ನೋಡಿದರು ಎಂಬುದನ್ನು ಹೇಳುವ ಸಾಕ್ಷಿ ಬೇರೆ ಯಾರಿದ್ದಾರೆ? ವಕೀಲರ ಮೌನದಲ್ಲಿ ಹಕ್ಕೂ ಸವೆಯುತ್ತದೆ, ಪುರಾವೆಯೂ ಸವೆಯುತ್ತದೆ.

ಈಗ ಶಿಸ್ತಿನ ವಿಷಯಕ್ಕೆ ಬರೋಣ. 1961ರ ವಕೀಲರ ಕಾಯಿದೆಯ 35ನೆಯ ಸೆಕ್ಷನ್ ಪ್ರಕಾರ ವೃತ್ತಿಯಲ್ಲಿ ದುರ್ನಡತೆ ತೋರಿದ ವಕೀಲರ ಮೇಲೆ ಆಯಾ ರಾಜ್ಯದ ವಕೀಲರ ಪರಿಷತ್ತಿಗೆ ದೂರು ಕೊಡಬಹುದು. ನಮ್ಮಲ್ಲಿ ಅದು ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತು. ಅದರ ಮೂವರು ಸದಸ್ಯರ ಶಿಸ್ತು ಸಮಿತಿ ಸಿವಿಲ್ ನ್ಯಾಯಾಲಯದಂತೆಯೇ ಸಾಕ್ಷಿಗಳನ್ನು ಕರೆಸಿ, ಪ್ರಮಾಣ ಮಾಡಿಸಿ ವಿಚಾರಿಸಬಲ್ಲದು. ದೂರನ್ನು ವಜಾ ಮಾಡಬಹುದು, ವಕೀಲರಿಗೆ ಛೀಮಾರಿ ಹಾಕಬಹುದು, ಇಷ್ಟು ಕಾಲ ವಕೀಲಿ ಮಾಡಕೂಡದೆಂದು ಅಮಾನತಿನಲ್ಲಿಡಬಹುದು, ಪಟ್ಟಿಯಿಂದ ಹೆಸರನ್ನೇ ತೆಗೆದುಹಾಕಬಹುದು. ಒಪ್ಪದವರು ಭಾರತೀಯ ವಕೀಲರ ಪರಿಷತ್ತಿಗೂ ಅಲ್ಲಿಂದ ಸರ್ವೋಚ್ಚ ನ್ಯಾಯಾಲಯಕ್ಕೂ ಮೇಲ್ಮನವಿ ಹೋಗಬಹುದು. ದೂರು ಒಂದು ವರ್ಷದೊಳಗೆ ಇತ್ಯರ್ಥವಾಗಬೇಕು, ಇಲ್ಲದಿದ್ದರೆ ಭಾರತೀಯ ಪರಿಷತ್ತಿಗೆ ವರ್ಗವಾಗುತ್ತದೆ ಎಂದೂ ಕಾಯಿದೆ ಹೇಳುತ್ತದೆ. ಈ ಗಡುವನ್ನು ಪಾಲಿಸಿರೆಂದು ಸರ್ವೋಚ್ಚ ನ್ಯಾಯಾಲಯವೇ 2021ರ ಡಿಸೆಂಬರಿನಲ್ಲಿ ಹೇಳಬೇಕಾಗಿ ಬಂತು. ಕಾಲಮಿತಿ ತಪ್ಪಿದ್ದರ ಮೇಲಿನ ದೂರಿಗೂ ಕಾಲಮಿತಿ ತಪ್ಪುತ್ತಿತ್ತು ಎಂದಾಯಿತು!

ಹಾಗಾದರೆ ವಕೀಲರ ಪ್ರತಿ ತಪ್ಪೂ ದುರ್ನಡತೆಯೇ? ಅಲ್ಲ. ಬರಿಯ ಅಜಾಗರೂಕತೆ, ಅಭಿಪ್ರಾಯದಲ್ಲಿ ಆದ ಪ್ರಾಮಾಣಿಕ ತಪ್ಪು ಶಿಕ್ಷಾರ್ಹ ದುರ್ನಡತೆಯಾಗುವುದಿಲ್ಲವೆಂದು 1963ರಲ್ಲಿಯೇ ಸರ್ವೋಚ್ಚ ನ್ಯಾಯಾಲಯ ಹೇಳಿದೆ. ಕೇಸು ಸೋತ ಮಾತ್ರಕ್ಕೆ ವಕೀಲರ ಮೇಲೆ ದೂರು ಹೋಗುವಂತಿದ್ದರೆ ಯಾರೂ ಕಷ್ಟದ ಕೇಸನ್ನು ಕೈಗೆ ತೆಗೆದುಕೊಳ್ಳುತ್ತಿರಲಿಲ್ಲ. ಅಜಾಗರೂಕತೆಯ ಜೊತೆಗೆ ಅಪ್ರಾಮಾಣಿಕತೆ ಸೇರಿದಾಗ ವಿಷಯ ಬೇರೆಯಾಗುತ್ತದೆ. ನಮ್ಮ ಉದಾಹರಣೆಯಲ್ಲಿ ತಾರೀಖು ಮರೆತದ್ದಕ್ಕಿಂತ "ಕೇಸು ನಡೆಯುತ್ತಿದೆ" ಎಂದದ್ದೇ ದೊಡ್ಡ ತಪ್ಪು. ಆ ಸುಳ್ಳನ್ನು ಕೇಳದಿದ್ದರೆ ಆ ತಾಯಿ ಸಮಯವಿದ್ದಾಗಲೇ ಬೇರೊಬ್ಬ ವಕೀಲರನ್ನು ಕಾಣುತ್ತಿದ್ದಳು.

ಇಂಥದೇ ಒಂದು ಪ್ರಕರಣ ತಮಿಳುನಾಡಿನಿಂದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿತ್ತು. ಅದು ಆಸ್ಪತ್ರೆಯ ಕೇಸಲ್ಲ, ಸಾಲದ ಕೇಸು. ಕಿವಿ ಕೇಳದ ವೃದ್ಧರೊಬ್ಬರ ಕುಟುಂಬಕ್ಕೆ 15 ಸಾವಿರ ಮತ್ತು 5 ಸಾವಿರ ರೂಪಾಯಿಗಳ ಎರಡು ಪ್ರಾಮಿಸರಿ ನೋಟುಗಳ ಹಣ ಬರಬೇಕಿತ್ತು. ವಕೀಲರು ದಾವೆ ಹೂಡಲಿಲ್ಲ, ಹೂಡಿದ್ದೇನೆಂದು ನಂಬಿಸಿದರು. ಅಷ್ಟರಲ್ಲಿ ಅವಧಿ ಮುಗಿಯಿತು. ತಮಿಳುನಾಡು ಪರಿಷತ್ತು ಆರು ವರ್ಷದ ಅಮಾನತು ವಿಧಿಸಿತು. ಭಾರತೀಯ ಪರಿಷತ್ತು ಅದನ್ನು ಒಂದು ವರ್ಷಕ್ಕೆ ಇಳಿಸಿತು. ಪ್ರಕರಣ 1978ರಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರಿದ್ದ ಪೀಠದ ಮುಂದೆ ಬಂತು. ವಕೀಲರನ್ನು ಮನೆಯಲ್ಲಿ ಕೂರಿಸಿದರೆ ಯಾರಿಗೇನು ಲಾಭ ಎಂದು ಯೋಚಿಸಿದ ಬಹುಮತ, ಉಳಿದ ಅಮಾನತಿನ ಬದಲು ಬಡವರಿಗಾಗಿ ಉಚಿತ ಕಾನೂನು ನೆರವಿನ ಕೆಲಸ ಮಾಡುವಂತೆಯೂ ನೊಂದವರಿಗೆ 2,500 ರೂಪಾಯಿ ಕೊಡುವಂತೆಯೂ ಆದೇಶಿಸಿತು. ಪೀಠದ ಮೂವರಲ್ಲಿ ನ್ಯಾಯಮೂರ್ತಿ ಎ. ಪಿ. ಸೇನ್ ಇದನ್ನು ಒಪ್ಪಲಿಲ್ಲ. ಕಾಯಿದೆಯಲ್ಲಿ ಇಲ್ಲದ ಶಿಕ್ಷೆ ಇದೆಂಬುದು ಅವರ ಆಕ್ಷೇಪ. ಬಹುಮತದ ಆದೇಶ ಮಾನವೀಯವೆಂದು ಹಲವರು ಮೆಚ್ಚಿದ್ದಾರೆ. ಆದರೂ ಲೆಕ್ಕ ನೋಡಿ: ಹೋದದ್ದು 20 ಸಾವಿರ, ಬಂದದ್ದು ಎರಡೂವರೆ ಸಾವಿರ. 35ನೆಯ ಸೆಕ್ಷನ್ನಿನಲ್ಲಿ ಕಕ್ಷಿಗಾರರ ನಷ್ಟಪರಿಹಾರದ ಮಾತೇ ಇಲ್ಲ. ಶಿಸ್ತು ಸಮಿತಿ ಇರುವುದು ವೃತ್ತಿಯ ಶುದ್ಧಿಗಾಗಿ, ಕಕ್ಷಿಗಾರರ ಜೇಬಿಗಾಗಿ ಅಲ್ಲ.

ಪರಿಹಾರ ಬೇಕೆಂದರೆ ವಕೀಲರ ಮೇಲೆ ಪ್ರತ್ಯೇಕವಾಗಿ ಸಿವಿಲ್ ದಾವೆ ಹೂಡಬೇಕು. ವಕೀಲರೆಂಬ ಕಾರಣಕ್ಕೆ ಯಾರೂ ನಿರ್ಲಕ್ಷ್ಯದ ಹೊಣೆಯಿಂದ ಪಾರಾಗುವಂತಿಲ್ಲವೆಂದು 1926ರಷ್ಟು ಹಿಂದೆಯೇ ವಕೀಲರ ಫೀಸಿನ ಕಾಯಿದೆ ಹೇಳಿದೆ. ಆದರೆ ಅಲ್ಲಿ ಗೆಲ್ಲುವುದು ಸುಲಭವಲ್ಲ. ವಕೀಲರು ತಪ್ಪಿದರೆಂದು ತೋರಿಸಿದರೆ ಸಾಲದು. ಅವರು ತಪ್ಪದಿದ್ದರೆ ಆಸ್ಪತ್ರೆಯ ಮೇಲಿನ ಮೂಲ ಕೇಸು ಗೆಲ್ಲುತ್ತಿತ್ತು ಎಂಬುದನ್ನೂ ತೋರಿಸಬೇಕು. ಒಂದು ದಾವೆಯ ಹೊಟ್ಟೆಯೊಳಗೆ ಇನ್ನೊಂದು ದಾವೆ.

ಇದನ್ನು ಗೆದ್ದು ತೋರಿಸಿದ ಪ್ರಸಿದ್ಧ ಪ್ರಕರಣ ಅಮೆರಿಕದ ಮಿನ್ನೆಸೋಟ ರಾಜ್ಯದ್ದು. ಕಾನೂನು ವಿದ್ಯಾರ್ಥಿಗಳು ಅದನ್ನು ಇಂದಿಗೂ ಓದುತ್ತಾರೆ. 1971ರಲ್ಲಿ ಮಿದುಳಿನ ರಕ್ತನಾಳದ ಊತಕ್ಕೆ ಚಿಕಿತ್ಸೆ ಪಡೆಯುತ್ತಿದ್ದಾಗ ಒಬ್ಬರಿಗೆ ಪಾರ್ಶ್ವವಾಯು ಬಡಿದು ಮಾತೂ ನಿಂತುಹೋಯಿತು. ಮರುವರ್ಷ ಅವರ ಹೆಂಡತಿ ಒಬ್ಬ ವಕೀಲರನ್ನು ಕಂಡರು. ಸುಮಾರು ಒಂದು ಗಂಟೆಯ ಮಾತು, ಫೀಸಿಲ್ಲ, ಬರವಣಿಗೆಯಿಲ್ಲ. ಕೇಸಿನಲ್ಲಿ ಹುರುಳಿಲ್ಲವೆನಿಸುತ್ತದೆ ಎಂದರು ವಕೀಲರು. ಆಸ್ಪತ್ರೆಯ ದಾಖಲೆ ತರಿಸಿ ನೋಡಲಿಲ್ಲ, ದಾವೆಗೆ ಎರಡೇ ವರ್ಷದ ಅವಧಿ ಇದೆಯೆಂದು ಎಚ್ಚರಿಸಲೂ ಇಲ್ಲ. ಆಕೆ ಆ ಮಾತನ್ನು ನಂಬಿ ಸುಮ್ಮನಾದರು. ಮುಂದೆ ಆ ವಕೀಲರ ಸಂಸ್ಥೆಯ ಮೇಲೆ ನಡೆದ ದಾವೆಯಲ್ಲಿ ಜ್ಯೂರಿ ಗಂಡಹೆಂಡಿರಿಗೆ ಸುಮಾರು ಆರೂವರೆ ಲಕ್ಷ ಡಾಲರ್ ಕೊಡಿಸಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ 1980ರಲ್ಲಿ ಅದನ್ನು ಎತ್ತಿಹಿಡಿಯಿತು.

ನಮ್ಮಲ್ಲಿ ವಕೀಲರ ಮೇಲೂ ಗ್ರಾಹಕ ಆಯೋಗಕ್ಕೆ ಹೋಗಬಹುದಲ್ಲ ಎಂದು ನೀವು ಕೇಳಬಹುದು. ಹೋಗಬಹುದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2007ರಲ್ಲಿ ಹೇಳಿತ್ತು. 2024ರ ಮೇ 14ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ವಕೀಲರ ಮೇಲೆ ಕಕ್ಷಿಗಾರರಿಗೆ ಸಾಕಷ್ಟು ನೇರ ಹಿಡಿತವಿರುತ್ತದೆ, ಆದ್ದರಿಂದ ಅದು ವೈಯಕ್ತಿಕ ಸೇವೆಯ ಕರಾರು ಎಂಬುದು ಒಂದು ಮುಖ್ಯ ಕಾರಣ. ತೀರ್ಪಿಗೆ ತಲೆಬಾಗೋಣ, ಆದರೆ ಹೆಬ್ಬೆಟ್ಟು ಒತ್ತಿ ಬಂದ ತಾಯಿಗೆ ಎಷ್ಟರ ಹಿಡಿತವಿತ್ತು ಎಂಬ ಪ್ರಶ್ನೆ ನನ್ನ ಮನಸ್ಸಿನಿಂದ ಹೋಗುವುದಿಲ್ಲ. ಕಾಲು ಕಳೆದ ಆಸ್ಪತ್ರೆಯ ಮೇಲೆ ಅವಳು ಗ್ರಾಹಕಿ, ಕೇಸು ಕಳೆದ ವಕೀಲರ ಮೇಲೆ ಅಲ್ಲ.

ಹಾಗಿದ್ದರೂ ಮೂಲ ಕೇಸನ್ನೇ ಬದುಕಿಸುವ ದಾರಿ ಕೆಲವೊಮ್ಮೆ ಉಂಟು. ತನ್ನ ಕೈಲಾದುದನ್ನೆಲ್ಲ ಮಾಡಿ ವಕೀಲರನ್ನು ನಂಬಿದ ಹಳ್ಳಿಗ, ವಕೀಲರು ಗೈರುಹಾಜರಾದ ಕಾರಣಕ್ಕೆ ನಷ್ಟ ಅನುಭವಿಸಬಾರದೆಂದು 1981ರಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಮೇಲ್ಮನವಿಗೆ ಮರುಜೀವ ಕೊಟ್ಟಿತು. ವ್ಯವಹಾರ ಬಲ್ಲ ಕಂಪೆನಿಯೊಂದು ಇದೇ ನೆಪ ಹೇಳಿಕೊಂಡು ಬಂದಾಗ, 1993ರಲ್ಲಿ, ಅದನ್ನು ಒಪ್ಪಲಿಲ್ಲ. ನಮ್ಮ ತಾಯಿ ಗ್ರಾಹಕ ಆಯೋಗದ ಮುಂದೆ ವಿಳಂಬ ಮನ್ನಿಸಿರೆಂದು ಬೇಡಬಹುದು. ಆಗ ಅವಳನ್ನು ಕಾಯುವುದು ಫೀಸಿನ ರಸೀದಿ, ವಕಾಲತ್ತಿನ ಪ್ರತಿ, ವಕೀಲರಿಗೆ ಬರೆದ ಒಂದು ಪತ್ರ; ಬಾಯಿಮಾತಲ್ಲ. ಫೀಸು ಬಾಕಿಯಿದೆಯೆಂದು ವಕೀಲರು ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಇದೂ ಸರ್ವೋಚ್ಚ ನ್ಯಾಯಾಲಯದ ತೀರ್ಪೇ, 2000ದಲ್ಲಿ ಬಂದದ್ದು.

ನಿಮ್ಮ ಮನೆಯವರದೋ ನೆರೆಯವರದೋ ಕೇಸು ನಡೆಯುತ್ತಿದ್ದರೆ ನೀವೇ ಒಂದು ಕೆಲಸ ಮಾಡಬಹುದು. ಜಿಲ್ಲಾ ಮತ್ತು ತಾಲ್ಲೂಕು ನ್ಯಾಯಾಲಯಗಳಲ್ಲಿ ದಾಖಲಾದ ಪ್ರತಿ ಪ್ರಕರಣಕ್ಕೂ ಇಂದು 16 ಅಕ್ಷರ ಮತ್ತು ಅಂಕಿಗಳ ಒಂದು ಸಂಖ್ಯೆಯಿದೆ. ಅದನ್ನು ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿದರೆ ಕೇಸು ಎಂದು ದಾಖಲಾಯಿತು, ಮುಂದಿನ ತಾರೀಖು ಯಾವುದು ಎಂಬುದು ಮೊಬೈಲಿನಲ್ಲೇ ಕಾಣುತ್ತದೆ. ಗ್ರಾಹಕ ಆಯೋಗಗಳ ಪ್ರಕರಣಗಳನ್ನೂ ಅಂತರ್ಜಾಲದಲ್ಲಿ ನೋಡಬಹುದು. ತಮಿಳುನಾಡಿನ ಆ ವೃದ್ಧರಿಗೆ ಈ ಅನುಕೂಲವಿರಲಿಲ್ಲ. ವಕೀಲರನ್ನು ಕಂಡು ವಿನಯದಿಂದಲೇ ಆ ಸಂಖ್ಯೆ ಕೇಳಿ. ತಿಂಗಳುಗಟ್ಟಲೆ ಅದು ಸಿಗದಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯಿದೆಯಂತೆ ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ ಅಲ್ಲಿ ಆದಾಯ ಎಷ್ಟೇ ಇರಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಆ ತಾಯಿ ಮತ್ತು ಕಾಲಿಲ್ಲದ ಮಗ ಇಬ್ಬರೂ ಅದಕ್ಕೆ ಅರ್ಹರು.